ಡಿಸೆಂಬರ್ ಮೊದಲ ವಾರಕ್ಕೆ ಹಿಮ ಎಲ್ಲಿದೆ? ನಮ್ಮ ಮನೆಯ ಸ್ಕೀ ಪ್ರವಾಸದ ಪೂರ್ತಿ ಲೆಕ್ಕ

ಅಕ್ಕನಿಗೆ ರಜೆ ಸಿಕ್ಕಿದ್ದು ಡಿಸೆಂಬರ್ 6ರಿಂದ 15ರವರೆಗೆ. ಮುಂದಿನ ಗೋಜಲೆಲ್ಲ ಹುಟ್ಟಿದ್ದು ಈ ಒಂದು ಸಾಲಿನಿಂದ.

ಅಕ್ಕ ಚಿತ್ರದುರ್ಗದಲ್ಲಿ ಡಾಕ್ಟರ್. ಕ್ರಿಸ್‌ಮಸ್ ವಾರದ ರಜೆಯನ್ನು ಅವಳಿಗಿಂತ ಹಿರಿಯರು ಆಗಲೇ ಬರೆಸಿಕೊಂಡಿದ್ದರು. ಜನವರಿಯಲ್ಲಿ ಭಾವನ ಕಡೆ ಒಂದು ಮದುವೆ. ಫೆಬ್ರುವರಿ ಬಂತೆಂದರೆ ಅವರ ಮಗನಿಗೆ ಪಿಯುಸಿ ಪರೀಕ್ಷೆಯ ಜ್ವರ. ಹಾಗಾಗಿ ಹೋಗುವುದಾದರೆ ಆ ಹತ್ತು ದಿನ, ಇಲ್ಲದಿದ್ದರೆ ಇಲ್ಲ. ದಾವಣಗೆರೆಯಿಂದ ನಾನು, ಹೆಂಡತಿ, 11 ವರ್ಷದ ಮಗಳು, ಜೊತೆಗೆ ಅಪ್ಪ. ದುರ್ಗದಿಂದ ಅಕ್ಕ, ಭಾವ, ಅವರ ಮಗ. ಒಟ್ಟು ಏಳು ಜನ. ಅಮ್ಮ ಮೊದಲ ದಿನವೇ ಕೈ ಎತ್ತಿದರು. "ನೀವು ಜಾರಿ ಬೀಳೋದನ್ನ ನೋಡೋಕೆ ಅಷ್ಟು ದೂರ ಬರಬೇಕಾ? ಇಲ್ಲೇ ಬಚ್ಚಲಲ್ಲಿ ಬೀಳ್ರಿ, ನೋಡ್ತೀನಿ" ಅಂದರು.

ನಮ್ಮಲ್ಲಿ ಯಾರೂ ಕಾಲಿಗೆ ಸ್ಕೀ ಕಟ್ಟಿದವರಲ್ಲ. ಹಿಮ ಕಂಡಿದ್ದು ಭಾವ ಒಬ್ಬರೇ. ಅದೂ ರೋಹ್ತಾಂಗ್‌ನಲ್ಲಿ, ಕರಗಿ ಕೆಸರಾಗಿದ್ದನ್ನು. ಮಗಳಿಗೆ ಮಾತ್ರ ಹಿಮದ ಮೇಲೆ ಜಾರಲೇಬೇಕು ಅನ್ನುವ ಹಟ. ಹಿಮ ನೋಡುವುದು ಬೇರೆ, ಹಿಮದ ಮೇಲೆ ಸ್ಕೀ ಕಲಿಯುವುದು ಬೇರೆ ಅನ್ನುವುದು ನಮಗೆ ಆಗ ಗೊತ್ತಿರಲಿಲ್ಲ. ಈ ಬರಹದ ಅರ್ಧ ವಿಷಯ ಅದೇ.

ಹತ್ತು ಸಾವಿರ ಮುಂಗಡ

ಸೆಪ್ಟೆಂಬರ್‌ನಲ್ಲಿ ಭಾವ ಒಬ್ಬ ಟ್ರಾವೆಲ್ ಏಜೆಂಟ್ ಹತ್ತಿರ ಮಾತಾಡಿ ಬಂದರು. ಗುಲ್ಮಾರ್ಗ್ ಪ್ಯಾಕೇಜ್, ಐದು ರಾತ್ರಿ. "ಡಿಸೆಂಬರ್ ಅಂದ್ರೆ ಕಾಶ್ಮೀರ ಪೂರ್ತಿ ಬಿಳಿ ಸರ್, ಗ್ಯಾರಂಟಿ" ಅಂದಿದ್ದನಂತೆ. ಮೊಬೈಲ್‌ನಲ್ಲಿ ಫೋಟೊ ತೋರಿಸಿದ್ದ. ಮರದ ಮೇಲೆ, ಮಾಳಿಗೆ ಮೇಲೆ, ಕುದುರೆ ಬೆನ್ನಿನ ಮೇಲೆ ಎಲ್ಲ ಕಡೆ ಹಿಮ. ಭಾವ ಅಲ್ಲೇ ಹತ್ತು ಸಾವಿರ ಮುಂಗಡ ಕೊಟ್ಟರು. ಆ ಫೋಟೊಗಳನ್ನು ಯಾವ ತಿಂಗಳಲ್ಲಿ ತೆಗೆದಿದ್ದು ಅಂತ ಯಾರೂ ಕೇಳಲಿಲ್ಲ. ಆಮೇಲೆ ನಾನು ಕೇಳಿದೆ. ಫೆಬ್ರುವರಿ.

ಆ ಭಾನುವಾರ ನಮ್ಮ ಮನೆಯಲ್ಲಿ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಎಲ್ಲರೂ ಕೂತಿದ್ದೆವು. ಅಪ್ಪ ಜಗಳೂರು ಕಡೆಯ ರೈತರು. ನಲವತ್ತು ವರ್ಷ ಮಳೆ ನೆಚ್ಚಿಕೊಂಡು ಮೆಕ್ಕೆಜೋಳ, ಶೇಂಗಾ ಬೆಳೆದವರು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಅಲ್ಲಿನ ಜನ ಚಳಿಗಾಲ ಯಾವಾಗ ಶುರು ಅಂತಾರೆ?"

ಹುಡುಕಿದರೆ ಉತ್ತರ ಕಾಶ್ಮೀರದವರ ಪಂಚಾಂಗದಲ್ಲೇ ಇತ್ತು. ಅವರು ಕಡುಚಳಿಯ 40 ದಿನಗಳನ್ನು ಚಿಲ್ಲೈ ಕಲಾನ್ ಅನ್ನುತ್ತಾರೆ. ಅದು ಶುರುವಾಗುವುದು ಡಿಸೆಂಬರ್ 21ಕ್ಕೆ. ನಾವು 15ಕ್ಕೇ ವಾಪಸ್.

"ಹಂಗಾದ್ರೆ ಇದು ರೋಹಿಣಿಗೇ ಬಿತ್ತಿದಂಗಾಯ್ತು" ಅಂದರು ಅಪ್ಪ. "ಮುಂದಿನ ಮಳೆ ಬಂದ್ರೆ ಎಲ್ಲರಿಗಿಂತ ಮೊದಲು ಪೈರು. ಬರದಿದ್ರೆ ಬೀಜ ಮಣ್ಣುಪಾಲು." ಆಮೇಲೆ ಮಿರ್ಚಿ ಮುರಿಯುತ್ತಾ ಇನ್ನೊಂದು ಮಾತು ಸೇರಿಸಿದರು: "ನಾಲೆ ನೀರಿನ ಜಮೀನು ಯಾವುದೂ ಇಲ್ವಾ ಅಲ್ಲಿ?"

ದಾವಣಗೆರೆ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಆಕಾಶ ನೋಡುವ ಜಗಳೂರು, ಇನ್ನೊಂದು ಕಡೆ ಭದ್ರಾ ನಾಲೆಯ ಗದ್ದೆ ಬಯಲು. ನಮ್ಮ ಇಡೀ ಹುಡುಕಾಟ ಆವತ್ತಿನಿಂದ ಈ ಒಂದು ಪ್ರಶ್ನೆಯ ಹಿಂದೆ ಬಿತ್ತು. ಆಕಾಶ ಕೈಕೊಟ್ಟರೂ ಹಿಮ ಇರುವ ಜಾಗ ಯಾವುದು?

ಗುಲ್ಮಾರ್ಗ್ ಬಿಟ್ಟದ್ದು ಯಾಕೆ

ಬಿಡುವುದು ಸುಲಭ ಇರಲಿಲ್ಲ. ಹೆಸರು ದೊಡ್ಡದು. ವೀಸಾ ಬೇಡ, ರೂಪಾಯಿ ನಡೆಯುತ್ತದೆ, ಊಟಕ್ಕೆ ರಾಜ್ಮಾ ಅನ್ನವಾದರೂ ಸಿಗುತ್ತದೆ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗೊಂಡೋಲಾ, ಅಂದರೆ ತಂತಿಯಲ್ಲಿ ತೂಗಿ ಹೋಗುವ ಕೇಬಲ್ ಕಾರು, ಎರಡು ಹಂತದಲ್ಲಿ ಮೇಲೆ ಹೋಗುತ್ತದೆ. ಮೊದಲು ಕೊಂಗಡೂರಿ, ಆಮೇಲೆ ಅಫರ್ವಾಟ್ ಬೆಟ್ಟದ ಭುಜ. ಅದು ಹತ್ತಿರ ಹತ್ತಿರ 3,950 ಮೀಟರ್.

ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಡಿಸೆಂಬರ್ ಶುರುವಿನಲ್ಲೂ ಅಫರ್ವಾಟ್ ತುದಿಯಲ್ಲಿ ಹಿಮ ಇರುವುದು ಮಾಮೂಲು. ಆದರೆ ಆ ಇಳಿಜಾರು ನಮ್ಮಂಥವರಿಗಲ್ಲ. ಅದು ಹದ ಮಾಡದ ಬೆಟ್ಟ. ಹಿಮಕುಸಿತದ ಅಪಾಯ ಇರುವ ಜಾಗ. ಪ್ರಪಂಚದ ಪಳಗಿದ ಸ್ಕೀಗಾರರು ಅದಕ್ಕೆಂದೇ ಬರುತ್ತಾರೆ. ಹೊಸಬರು ಕಲಿಯುವುದು ಕೆಳಗೆ, ಹುಲ್ಲುಗಾವಲಿನ ಆ ಅಗಲ ಬಟ್ಟಲಿನಲ್ಲಿ. ಹಿಮ ಕೊನೆಗೆ ಇಳಿಯುವುದೂ ಅಲ್ಲಿಗೇ. ಮೇಲೆ ಮೂರಡಿ ಹಿಮ ಇದ್ದು ಕೆಳಗೆ ಹುಲ್ಲು ಕಾಣುತ್ತಿದ್ದರೆ, ತಜ್ಞನಿಗೆ ಹಬ್ಬ, ನಮಗೆ ಉಪವಾಸ.

ಈ ಒಂದು ವಿಷಯ ಮೊದಲೇ ತಿಳಿದಿದ್ದರೆ ಹತ್ತು ಸಾವಿರ ಉಳಿಯುತ್ತಿತ್ತು. "ಅಲ್ಲಿ ಹಿಮ ಇದೆಯಾ" ಅಂತ ಕೇಳಿದರೆ ಸಾಲದು. "ಹೊಸಬರು ಕಲಿಯುವ ಜಾಗದಲ್ಲಿ ಹಿಮ ಇದೆಯಾ" ಅಂತ ಕೇಳಬೇಕು.

ಕಾಶ್ಮೀರಕ್ಕೆ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಗಾಳಿ ಮಳೆಯ ಅಲೆಗಳು. ಹವಾಮಾನದವರು ಅದನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. ನಮ್ಮ ಮುಂಗಾರಿನ ಹಾಗೆಯೇ ಅದಕ್ಕೂ ಮೂಡ್ ಇದೆ. 2024ರ ಜನವರಿಯಲ್ಲಿ, ಅಂದರೆ ಕಡುಚಳಿಯ ನಟ್ಟನಡುವೆ, ಗುಲ್ಮಾರ್ಗ್‌ನ ಇಳಿಜಾರು ಕಂದು ಬಣ್ಣಕ್ಕಿತ್ತು. ಆ ಚಿತ್ರಗಳು ಎಲ್ಲ ಪತ್ರಿಕೆಯಲ್ಲೂ ಬಂದವು. 2025ರಲ್ಲಿ ಅಲ್ಲಿನ ಖೇಲೋ ಇಂಡಿಯಾ ವಿಂಟರ್ ಗೇಮ್ಸ್ ಫೆಬ್ರುವರಿಯಲ್ಲಿ ನಡೆಯಬೇಕಿತ್ತು. ಹಿಮ ಸಾಲದೆ ಮಾರ್ಚ್‌ಗೆ ಹೋಯಿತು. ಜನವರಿ, ಫೆಬ್ರುವರಿಗೇ ಈ ಗತಿ ಆದರೆ ಡಿಸೆಂಬರ್ 7ಕ್ಕೆ ಯಾರು ಹೊಣೆ?

ಇನ್ನೊಂದನ್ನೂ ಹೇಳಿಬಿಡುತ್ತೇನೆ. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿ ಆದಮೇಲೆ ಅಮ್ಮನಿಗೆ ಕಾಶ್ಮೀರ ಅಂದರೆ ಎದೆ ಡವಡವ. ನಾನು ಅದನ್ನು ಲೆಕ್ಕದಲ್ಲಿ ಬರೆಯಲಿಲ್ಲ. ಆದರೆ ಅದು ತಲೆಯಲ್ಲಿ ಇರಲೇ ಇಲ್ಲ ಅಂದರೆ ಸುಳ್ಳಾಗುತ್ತದೆ.

ಬೇಗ ಬಿಟ್ಟ ಜಾಗಗಳು

ಔಲಿಯನ್ನು ಸೂಚಿಸಿದ್ದು ನನ್ನ ಹೆಂಡತಿ. ಉತ್ತರಾಖಂಡದ ಜೋಶಿಮಠದ ಮೇಲಿದೆ, 2,500ರಿಂದ 3,000 ಮೀಟರ್ ಎತ್ತರ. ಇಳಿಜಾರು ಕಲಿಯೋರಿಗೆ ಹೇಳಿ ಮಾಡಿಸಿದ್ದು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ಅಲ್ಲೇ ನಡೆದದ್ದು. ಆದರೆ ಸ್ಕೀ ಕೋರ್ಸ್‌ಗಳು ಸಾಮಾನ್ಯವಾಗಿ ಜನವರಿಯಿಂದ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿತು. ಮೇಲಾಗಿ ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್. ದಾವಣಗೆರೆಯಿಂದ ಬೆಂಗಳೂರಿಗೆ ಇರುವಷ್ಟೇ ದೂರ, ಆದರೆ ಬೆಟ್ಟದ ದಾರಿ, ಇಡೀ ದಿನ ತಿನ್ನುತ್ತದೆ. ಹೋಗಲು ಎರಡು ದಿನ, ಬರಲು ಎರಡು ದಿನ. ಉಳಿಯುವುದೇನು?

ಮನಾಲಿ ಹತ್ತಿರದ ಸೋಲಾಂಗ್ ಸುಮಾರು 2,500 ಮೀಟರ್. ಅಲ್ಲೂ ಹದವಾದ ಹಿಮ ಜನವರಿಗೇ. ಹಿಮ ಮುಟ್ಟಿ ಬರುವುದೇ ಆಗಿದ್ದರೆ ತೊಂದರೆ ಇಲ್ಲ. 2020ರಲ್ಲಿ ಅಟಲ್ ಸುರಂಗ ಆದಮೇಲೆ ಆ ಕಡೆಯ ಸಿಸ್ಸು, ಕೋಕ್ಸರ್‌ಗೆ ಹೋಗಿ ಆಡಿ ಬರಬಹುದು. ಕಲಿಯೋಕೆ ಅಲ್ಲ.

ಯುರೋಪಿನಲ್ಲಿ ಉತ್ತರ ಸಲೀಸಾಗಿತ್ತು. ಆಸ್ಟ್ರಿಯಾದ ಹಿಂಟರ್‌ಟುಕ್ಸ್‌ನಲ್ಲಿ ಹಿಮನದಿ ಇದೆ, ಅಲ್ಲಿ ವರ್ಷವಿಡೀ ಸ್ಕೀ ನಡೆಯುತ್ತದೆ. ಫ್ರಾನ್ಸಿನ ವಾಲ್ ಥೊರಾನ್ಸ್ ಊರೇ 2,300 ಮೀಟರ್ ಎತ್ತರದಲ್ಲಿದೆ. ಸೀಸನ್ ಶುರುವಿಗೆ ಹೋಗುವವರು ಇಂಥ ಜಾಗಗಳನ್ನೇ ಆರಿಸುತ್ತಾರೆ. ಆದರೆ ಷೆಂಗೆನ್ ವೀಸಾ ಶುಲ್ಕವೇ ದೊಡ್ಡವರಿಗೆ ತಲೆಗೆ 90 ಯೂರೊ. ಅದೂ ಸಿಕ್ಕರೂ ಹೋಯಿತು, ಸಿಗದಿದ್ದರೂ ಹೋಯಿತು. ಮಗಳನ್ನು ಬಿಟ್ಟು ಆರು ಜನ ಬೆರಳಚ್ಚು ಕೊಡೋಕೆ ಬೆಂಗಳೂರಿಗೆ ಹೋಗಬೇಕು. ತಲೆಗೆ ಒಂದು ಲಕ್ಷ ಅಂತ ಹಾಕಿಕೊಂಡಿದ್ದ ಮಿತಿ ಅಲ್ಲೇ ಬಿರುಕು ಬಿಟ್ಟಿತು.

ಅಕ್ಕನ ಮಗ ದುಬೈ ಅಂದ. ಅಲ್ಲಿನ ಮಾಲ್ ಒಳಗೆ 2005ರಿಂದ ಸ್ಕೀ ದುಬೈ ಇದೆ. ಉದ್ದದ ಇಳಿಜಾರು 400 ಮೀಟರ್. ವರ್ಷಪೂರ್ತಿ ಸೊನ್ನೆಗಿಂತ ಕೆಳಗಿನ ಚಳಿ. ಹಿಮ ನೂರಕ್ಕೆ ನೂರು ಗ್ಯಾರಂಟಿ. ಅಪ್ಪನ ಭಾಷೆಯಲ್ಲಿ ಇದು ಪಾಲಿಹೌಸ್ ಬೇಸಾಯ. ಸುಮ್ನೆ ನಗಬೇಡಿ, ನಿಜಕ್ಕೂ ಕಲಿಯೋಕೆ ಒಳ್ಳೆಯ ಜಾಗ. ಆದರೆ ಬೆಟ್ಟ ಇಲ್ಲ. ಮಗಳು ಒಪ್ಪಲಿಲ್ಲ.

ಕಣದಲ್ಲಿ ಉಳಿದ ಎರಡು

ಜಾರ್ಜಿಯಾದ ಗುಡೌರಿ, ಕಝಾಕಸ್ತಾನದ ಶಿಂಬುಲಾಕ್. ಇವೆರಡರ ನಡುವೆ ನಮ್ಮ ಮನೆ ಹದಿನೈದು ದಿನ ಇಬ್ಭಾಗ ಆಗಿತ್ತು.

ಭಾವನ ಮತ ಗುಡೌರಿಗೆ. ಅವರ ಸ್ನೇಹಿತರು ದುಬೈಯಿಂದ ಹೋಗಿ ಬಂದಿದ್ದರು, ಹೊಗಳಿದ್ದೇ ಹೊಗಳಿದ್ದು. ಜಾಗ ಹೊಗಳಿಕೆಗೆ ತಕ್ಕದ್ದೇ. ಕೆಳಗೆ 2,000 ಮೀಟರ್, ತುದಿಯಲ್ಲಿ ಸುಮಾರು 3,280. ಮರಗಳಿಲ್ಲದ ವಿಶಾಲ ಬೆಟ್ಟ. ಶಿಂಬುಲಾಕ್‌ಗಿಂತ ದೊಡ್ಡದು. ಆದರೆ ನಮ್ಮ ತಾರೀಖಿಗೆ ಎರಡು ತೊಡಕು. ಒಂದು, ಅಲ್ಲಿನ ಇಳಿಜಾರು ಹೆಚ್ಚಾಗಿ ದಕ್ಷಿಣಕ್ಕೆ ಮುಖ ಮಾಡಿದೆ, ಬಿಸಿಲು ನೇರ ಬೀಳುತ್ತದೆ. ಸೀಸನ್ ಶುರುವಾಗುವುದೂ ಸಾಮಾನ್ಯವಾಗಿ ಡಿಸೆಂಬರ್ ನಡುವಿನ ಮೇಲೆಯೇ. ಎರಡು, ರಾಜಧಾನಿ ಟಿಬಿಲಿಸಿಯಿಂದ 120 ಕಿಲೋಮೀಟರ್ ಬೆಟ್ಟದ ದಾರಿ. ಉಳಿಯುವುದು ಮೇಲೆ, ಹಳ್ಳಿಯಲ್ಲಿ. ಹಿಮ ಇಲ್ಲದಿದ್ದರೆ ಆ ಹಳ್ಳಿಯಲ್ಲಿ ಕೂತು ಏನು ಮಾಡುವುದು?

ಶಿಂಬುಲಾಕ್ ಕತೆ ಬೇರೆ. ಅದು ಅಲ್ಮಾಟಿ ನಗರದಿಂದ ಬರೀ 25 ಕಿಲೋಮೀಟರ್. ನಗರದ ಅಂಚಿನ ಮೆದೇಯು ಎಂಬಲ್ಲಿಗೆ ಬಸ್ಸು ಹೋಗುತ್ತದೆ. ಅದು 1,691 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗೊಂಡೋಲಾ ಹತ್ತಿದರೆ 2,260 ಮೀಟರ್‌ನ ಶಿಂಬುಲಾಕ್. ಅದರ ಮೇಲೆ ಮತ್ತೆ ಎರಡು ಹಂತ, ತಾಲ್ಗರ್ ಕಣಿವೆ ದಾರಿಯವರೆಗೆ, ಸುಮಾರು 3,200 ಮೀಟರ್. ತಿಯೆನ್ ಶಾನ್ ಪರ್ವತದ ಉತ್ತರ ಮಗ್ಗುಲಿಗಿದೆ, ಚಳಿಗಾಲದ ಬಿಸಿಲು ಓರೆಯಾಗಿ ತಾಗಿ ಹೋಗುತ್ತದೆ. ಭಾರತದವರಿಗೆ 14 ದಿನದವರೆಗೆ ವೀಸಾ ಬೇಡ. ದೆಹಲಿಯಿಂದ ನೇರ ವಿಮಾನ, ನಾಲ್ಕು ಗಂಟೆಯೊಳಗೆ. ಗಡಿಯಾರವನ್ನು ಅರ್ಧ ಗಂಟೆ ಹಿಂದಿಟ್ಟರೆ ಆಯಿತು.

ಇದೆಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ನಾಲೆ ನೀರು ಇತ್ತು. ಕೃತಕ ಹಿಮದ ಫಿರಂಗಿಗಳು.

ಈ ಫಿರಂಗಿ ಮಂತ್ರ ಏನಲ್ಲ. ನೀರನ್ನು ಒತ್ತಡದ ಗಾಳಿಯ ಜೊತೆ ಸಣ್ಣ ಸಣ್ಣ ಹನಿಯಾಗಿ ಚಿಮ್ಮಿಸುತ್ತದೆ, ಹನಿ ನೆಲ ಮುಟ್ಟುವ ಮೊದಲೇ ಗಡ್ಡೆಯಾಗುತ್ತದೆ. ಅದಕ್ಕೆ ಚಳಿ ಬೇಕು, ಆದರೆ ಬರೀ ಚಳಿ ಸಾಲದು. ಗಾಳಿ ಒಣಗಿರಬೇಕು. ಇದು ನಮ್ಮ ಏರ್ ಕೂಲರ್ ಲೆಕ್ಕವೇ. ಏಪ್ರಿಲ್‌ನಲ್ಲಿ ದಾವಣಗೆರೆಯ ಒಣ ಗಾಳಿಗೆ ಕೂಲರ್ ಇಟ್ಟರೆ ಕೋಣೆ ತಂಪು. ಅದೇ ಕೂಲರ್ ಮಂಗಳೂರಿನಲ್ಲಿ ಇಟ್ಟರೆ ಬರೀ ಜಿಗುಟು. ನೀರು ಆವಿಯಾಗುತ್ತಾ ಶಾಖ ಎಳೆದುಕೊಳ್ಳುತ್ತದಲ್ಲ, ಅದು ಒಣ ಗಾಳಿಯಲ್ಲಿ ಜೋರು. ಹಾಗಾಗಿ ಹಿಮ ಮಾಡುವವರು ಬರೀ ಥರ್ಮಾಮೀಟರ್ ನೋಡುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ಅಂತ ನೋಡುತ್ತಾರೆ. ಅದು ಮೈನಸ್ 2, 3ಕ್ಕೆ ಇಳಿದರೆ ಯಂತ್ರ ಶುರು. ಗಾಳಿ ಚೆನ್ನಾಗಿ ಒಣಗಿದ್ದರೆ ಮಾಮೂಲಿ ಥರ್ಮಾಮೀಟರ್ 0 ತೋರಿಸುವಾಗಲೇ ಕೆಲಸ ಆಗುತ್ತದೆ. ತೇವ ಜಾಸ್ತಿ ಇದ್ದರೆ ಮೈನಸ್ 2ರಲ್ಲೂ ಒದ್ದಾಟ. ಸಮುದ್ರದಿಂದ ಅಷ್ಟು ದೂರ, ಖಂಡದ ನಡುವೆ ಇರುವ ಬೆಟ್ಟಕ್ಕೆ ಇಲ್ಲಿ ಅನುಕೂಲ.

ಹಾಗಂತ ನಾಲೆ ನೀರಿಗೂ ಮಿತಿ ಇದೆ ಅಲ್ವಾ. ಫಿರಂಗಿ ಇಡೀ ಬೆಟ್ಟವನ್ನು ಬಿಳಿ ಮಾಡುವುದಿಲ್ಲ. ಮೊದಲು ಕಲಿಯುವವರ ಜಾಗ, ಆಮೇಲೆ ಒಂದೆರಡು ಮುಖ್ಯ ದಾರಿ, ಅಷ್ಟೆ. ಪಳಗಿದವರಿಗೆ ಅದು ಜೈಲು. ನಮಗೆ ಬೇಕಾಗಿದ್ದೇ ಆ ನೂರಿನ್ನೂರು ಮೀಟರ್ ಹದವಾದ ಹಿಮ. ಹಾಗಾಗಿ ಶುರುವಿನ ಸೀಸನ್‌ನ ದೊಡ್ಡ ಕೊರತೆ ಹೊಸಬರನ್ನು ಅಷ್ಟಾಗಿ ತಟ್ಟುವುದಿಲ್ಲ. ಇದು ತಿಳಿದ ರಾತ್ರಿ ನನ್ನ ಮನಸ್ಸು ಶಿಂಬುಲಾಕ್‌ಗೆ ವಾಲಿತು.

ಭಾವನನ್ನು ಒಪ್ಪಿಸಿದ್ದು ಹಿಮ ಅಲ್ಲ, ನಗರ. ಬೆಟ್ಟದ ಮೇಲೆ ಕೋಣೆ ಮಾಡುವುದು ಬೇಡ, ಅಲ್ಮಾಟಿಯಲ್ಲೇ ಉಳಿದು ದಿನಾ ಮೇಲೆ ಹೋಗಿ ಬರೋಣ ಅಂದೆ. ಹಿಮ ಬಾರದಿದ್ದರೆ ಸಂತೆ ಇದೆ, ಅರಸಾನ್ ಸ್ನಾನದ ಮನೆ ಇದೆ, ಕೋಕ್ ತೋಬೆ ಗುಡ್ಡ ಇದೆ. ಮೆದೇಯುವಿನಲ್ಲಿ ಬಯಲಲ್ಲೇ ಇರುವ ದೊಡ್ಡ ಐಸ್ ಸ್ಕೇಟಿಂಗ್ ಅಂಗಳ ಇದೆ, ಅದಕ್ಕೆ ಆಕಾಶದ ಹಂಗಿಲ್ಲ. ಅಪ್ಪನಿಗೆ ಬಿಪಿ. ಅವರು ರಾತ್ರಿ ಮಲಗುವುದು ಎತ್ತರದಲ್ಲಿ ಬೇಡ ಅಂತ ಅಕ್ಕನೂ ಹೇಳಿದಳು. ಅಲ್ಮಾಟಿ ನಗರ ಹೆಚ್ಚೂಕಡಿಮೆ ನಮ್ಮ ಬೆಂಗಳೂರಿನ ಎತ್ತರವೇ.

ಏಜೆಂಟ್‌ಗೆ ಫೋನ್ ಮಾಡಿ ಬೇಡ ಅಂದೆವು. ಮುಂಗಡ ವಾಪಸ್ ಬರಲ್ಲ, ಮುಂದಿನ ಟ್ರಿಪ್‌ಗೆ ಹಿಡಿದುಕೊಳ್ತೀನಿ ಅಂದ. ಚೀಟಿಯಲ್ಲಿ ಅದನ್ನು ಎಲ್ಲೂ ಬರೆದಿರಲಿಲ್ಲ. ಜಗಳ ಆಡಲು ಯಾರಿಗೂ ಹುಮ್ಮಸ್ಸಿರಲಿಲ್ಲ.

ಕ್ಯಾಮೆರಾ ಮತ್ತು ಕೋಟೆ

ಅಕ್ಟೋಬರ್‌ನಲ್ಲಿ ವಿಮಾನದ ಟಿಕೆಟ್. ಹೋಟೆಲ್ ಮಾತ್ರ ಕೊನೆಯವರೆಗೂ ರದ್ದು ಮಾಡಬಹುದಾದ್ದು, ಸ್ವಲ್ಪ ದುಬಾರಿ ಆದರೂ ಪರವಾಗಿಲ್ಲ ಅಂತ. ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟ್‌ನ ಪಾಸ್ ಮುಂಚೆ ಕೊಳ್ಳಲೇ ಇಲ್ಲ. ಶುರುವಿನ ಸೀಸನ್‌ಗೆ ಹೋಗುವವರು ಬೆಟ್ಟಕ್ಕೆ ಸೇರಿದ್ದನ್ನು ಕೊನೆಗೆ ಕೊಳ್ಳಬೇಕು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಮುಂಚೆ ಕೊಂಡರೆ ರಿಯಾಯಿತಿ ಸಿಗುತ್ತದೆ ನಿಜ. ಆದರೆ ಆ ರಿಯಾಯಿತಿಗೆ ಹಿಮದ ಭಾರವನ್ನು ನಿಮ್ಮ ತಲೆಗೆ ಹೊರಿಸಿರುತ್ತಾರೆ.

ನವೆಂಬರ್ 10ರಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಶಿಂಬುಲಾಕ್‌ನ ಲೈವ್ ಕ್ಯಾಮೆರಾ ನೋಡುವುದು ನನ್ನ ಕೆಲಸವಾಯಿತು. ಜಾಹೀರಾತಿನ ಫೋಟೊಗೂ ಕ್ಯಾಮೆರಾಗೂ ಎಷ್ಟು ವ್ಯತ್ಯಾಸ! ಮೊದಲ ವಾರ ಬೋಳು ಬೆಟ್ಟ. ಒಂದು ದಿನ ಪೂರ್ತಿ ಬಿಳಿ, ಮೂರನೇ ದಿನ ಮತ್ತೆ ಬೋಳು. ಒಂದು ಬೆಳಿಗ್ಗೆ ಕೆಳಗಿನ ಇಳಿಜಾರಿನಲ್ಲಿ ಸಾಲಾಗಿ ಬಿಳಿ ಗುಪ್ಪೆಗಳು, ಪಕ್ಕದಲ್ಲೆಲ್ಲ ಕಂದು ಹುಲ್ಲು. ರಾತ್ರಿಯಿಡೀ ಫಿರಂಗಿ ಓಡಿಸಿದ್ದಾರೆ ಅಂತ ಅರ್ಥವಾಯಿತು. ರಾಗಿ ರಾಶಿ ಹಾಕಿದ ಕಣದ ಹಾಗೆ ಕಾಣುತ್ತಿತ್ತು. ಅಪ್ಪನಿಗೆ ತೋರಿಸಿದೆ. "ನೀರು ಬಿಟ್ಟವ್ರೆ" ಅಂದರು.

ದುರ್ಗದ ಮೂವರೂ ಆ ತಿಂಗಳು ಬೆಳಗಿನ ಜಾವ ಕೋಟೆ ಹತ್ತಿದರು. ಸ್ಕೀಗೆ ತೊಡೆಯ ಬಲ ಬೇಕು, ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ ಅದು ಬರುತ್ತದೆ ಅಂತ ಅಕ್ಕನ ವಾದ. ನಾವು ದಾವಣಗೆರೆಯವರು ಕುಂದುವಾಡ ಕೆರೆ ಸುತ್ತ ವಾಕಿಂಗ್ ಮಾಡಿದೆವು. ವ್ಯತ್ಯಾಸ ಆಮೇಲೆ ಅಲ್ಮಾಟಿಯಲ್ಲಿ ಗೊತ್ತಾಯಿತು. ಎರಡನೇ ದಿನ ನನಗೂ ಹೆಂಡತಿಗೂ ಹೋಟೆಲ್ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಅಕ್ಕ ಕುಣಿದುಕೊಂಡು ಇಳಿದಳು.

ಅಲ್ಲಿ ಆದದ್ದು

5ರ ರಾತ್ರಿ ಹೊರಟು, ಬೆಂಗಳೂರು, ದೆಹಲಿ ದಾಟಿ, 6ರ ಸಂಜೆ ಅಲ್ಮಾಟಿ. ನಗರದ ಮೇಲೆ ಹೊಗೆ ಕವಿದಿತ್ತು. ಇದನ್ನು ಯಾವ ಪ್ರವಾಸದ ಫೋಟೊದಲ್ಲೂ ತೋರಿಸುವುದಿಲ್ಲ. ಅಲ್ಮಾಟಿಯ ಚಳಿಗಾಲದಲ್ಲಿ ಕಲ್ಲಿದ್ದಲ ಹೊಗೆ, ವಾಹನದ ಹೊಗೆ ಬೆಟ್ಟದ ಬುಡದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಉಬ್ಬಸ ಇರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾರನೇ ದಿನ ಗೊಂಡೋಲಾ ಆ ಹೊಗೆಯನ್ನು ಸೀಳಿ ಮೇಲೆ ಬಂದಾಗ ಆಕಾಶ ಕಡುನೀಲಿ. ಮಗಳು ಕಿರುಚಿದಳು. ಭಾವ ಏನೂ ಮಾತಾಡಲಿಲ್ಲ, ಬಹಳ ಹೊತ್ತು.

ತೆರೆದಿದ್ದು ಎಷ್ಟು? ಕಲಿಯುವವರ ಜಾಗ, ಕೆಳಗಿನ ಒಂದು ಮುಖ್ಯ ದಾರಿ. ತುದಿಯ ಹಂತ ಗಾಳಿಯಿಂದ ಮುಚ್ಚಿತ್ತು. ನಮ್ಮ ಲೆಕ್ಕ ಸರಿಯಾಗಿತ್ತು. ಆದರೆ ಒಂದನ್ನು ಮರೆತಿದ್ದೆವು. ಆವತ್ತು ಭಾನುವಾರ. ತೆರೆದಿರುವುದು ಒಂದೇ ದಾರಿ, ಅಲ್ಮಾಟಿಯ ಜನರೆಲ್ಲ ಅದರ ಮೇಲೆ. ಶೂ ಬಾಡಿಗೆಗೇ ಒಂದೂಕಾಲು ಗಂಟೆ ಸಾಲು. ನಗರಕ್ಕೆ ಹತ್ತಿರ ಅನ್ನುವ ಗುಣಕ್ಕೆ ಇದು ಬೆಲೆ. ಸೋಮವಾರ ಅದೇ ಜಾಗ ಖಾಲಿ ಹೊಡೆಯಿತು. ಭಾನುವಾರ ನಗರ ಸುತ್ತಿ, ಸೋಮವಾರ ಶುರು ಮಾಡಿದ್ದರೆ ಎಷ್ಟು ಚೆನ್ನಾಗಿತ್ತು.

ಫಿರಂಗಿ ಹಿಮದ ಬಗ್ಗೆ ಒಂದು ಮಾತು. ಅದು ಹತ್ತಿಯಂತೆ ಇರುವುದಿಲ್ಲ. ಹತ್ತಿಯ ಊರಿನಿಂದ ಹೋದವರಿಗೆ ಆ ಹೋಲಿಕೆ ತಲೆಯಲ್ಲಿತ್ತು. ಇದು ದಪ್ಪ ಸಕ್ಕರೆ ಹರಡಿದ ಹಾಗೆ. ಬೆಳಿಗ್ಗೆ ಕಲ್ಲಿನಷ್ಟು ಗಟ್ಟಿ, ಮಧ್ಯಾಹ್ನ ಸ್ವಲ್ಪ ಹದ. ಬಿದ್ದರೆ ನೋವಾಗುತ್ತದೆ. ಹನ್ನೊಂದರ ಮೇಲೆ ಪಾಠ ಇಟ್ಟುಕೊಂಡರೆ ವಾಸಿ ಅಂತ ಎರಡನೇ ದಿನ ಕಲಿತೆವು.

ಪಾಠ ಹೇಳಿಕೊಟ್ಟವನಿಗೆ ರಷ್ಯನ್ ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷ್ ಹತ್ತು ಪದ. ಅದರಲ್ಲಿ ಮುಖ್ಯವಾದದ್ದು "ಪಿಜ್ಜಾ". ಸ್ಕೀ ಎರಡರ ಮೂತಿಯನ್ನು ಹತ್ತಿರ ತಂದು ಹಿಂಭಾಗ ಅಗಲಿಸಿದರೆ ಪಿಜ್ಜಾ ತುಂಡಿನ ಆಕಾರ, ಅದೇ ಬ್ರೇಕ್. ಮಗಳು ಅರ್ಧ ಗಂಟೆಯಲ್ಲಿ ಹಿಡಿದಳು. ನಾನು ಎರಡು ದಿನ ತೆಗೆದುಕೊಂಡೆ. ಇಂಗ್ಲಿಷ್ ಬರುವ ಕಲಿಸುಗರು ಇದ್ದಾರೆ, ಮೊದಲೇ ಹೇಳಿ ಇಟ್ಟುಕೊಳ್ಳಬೇಕು. ನಾವು ಇಟ್ಟುಕೊಂಡಿರಲಿಲ್ಲ.

ಭಾವ ಚಳಿ ಅಂತ ಎರಡು ಜೊತೆ ಸಾಕ್ಸ್ ಹಾಕಿದ್ದರು. ಸ್ಕೀ ಬೂಟು ಬಿಗಿಯಾಗಿ ಕಾಲು ಹಿಡಿಯಬೇಕು, ಒಂದೇ ತೆಳು ಉದ್ದ ಸಾಕ್ಸ್ ಸಾಕು. ಎರಡು ಹಾಕಿದರೆ ಒಳಗೆ ಮಡಿಕೆಯಾಗಿ ರಕ್ತ ಓಡದೆ ಇನ್ನೂ ಚಳಿ. ಮೂರನೇ ದಿನ ಅವರು ಸ್ಕೀ ಕೋಲು ಬಿಡದೆಯೇ ಅಂಗೈ ಊರಿ ಬಿದ್ದರು. ಹೆಬ್ಬೆರಳು ಹಿಂದಕ್ಕೆ ಹೊರಳಿತು. ಇದು ಸ್ಕೀಗಾರರಿಗೆ ಎಷ್ಟು ಮಾಮೂಲು ಅಂದರೆ ಅದಕ್ಕೆ "ಸ್ಕೀಗಾರರ ಹೆಬ್ಬೆರಳು" ಅನ್ನುವ ಹೆಸರೇ ಇದೆ ಅಂತ ಅಕ್ಕ ಪಟ್ಟಿ ಕಟ್ಟುತ್ತಾ ಹೇಳಿದಳು. ಭಾವನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಎಕ್ಸ್‌ರೇ ದುಡ್ಡು ನಮ್ಮ ಜೇಬಿನಿಂದಲೇ ಹೋಯಿತು. ಇನ್ಶೂರೆನ್ಸ್ ಮಾಡಿಸಿದ್ದೆವು, ಆದರೆ ಚಳಿಗಾಲದ ಕ್ರೀಡೆ ಅದರಲ್ಲಿ ಸೇರಿರಲಿಲ್ಲ. ಅದನ್ನು ಅಕ್ಕ ಓದಿ ಹೇಳಿದ್ದು ದೆಹಲಿ ಏರ್‌ಪೋರ್ಟಿನಲ್ಲಿ. ಆ ಹೊತ್ತಿನಲ್ಲಿ ಯಾರಿಗೂ ಫೋನ್ ಮಾಡುವ ಉಮೇದಿರಲಿಲ್ಲ. ಸ್ಕೀಗೆ ಹೋಗುತ್ತಾ ಸ್ಕೀ ಇಲ್ಲದ ಪಾಲಿಸಿ ಹಿಡಿದುಕೊಂಡು ಹೋಗಿದ್ದೆವು. ಬರೀ ಬೆರಳಿಗೆ ಮುಗಿಯಿತು. ಇಡೀ ಪ್ರವಾಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದೇ.

ಊಟದ್ದು ಎರಡನೇ ತಪ್ಪು. ನಾವು ಏಳೂ ಜನ ಸಸ್ಯಾಹಾರಿಗಳು. ಅಲ್ಲಿನವರ ಊಟ ಕುರಿ, ಕುದುರೆ. ಬೌರ್ಸಾಕ್ ಅಂತ ಕರಿದ ರೊಟ್ಟಿ ಸಿಗುತ್ತದೆ, ಪೂರಿಗೂ ಮಂಗಳೂರು ಬನ್ಸ್‌ಗೂ ನಡುವಿನದು. ಕುಂಬಳಕಾಯಿ ತುಂಬಿದ ಸಂಸಾ ಸಿಗುತ್ತದೆ, ಅದು ನಿಜಕ್ಕೂ ಚೆನ್ನಾಗಿದೆ. ಆದರೆ ಎಂಟು ದಿನ ಅದನ್ನೇ ತಿನ್ನಲು ಆಗುತ್ತದಾ? ಅಮ್ಮ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಐದನೇ ದಿನಕ್ಕೆ ಮುಗಿಯಿತು. ಆ ರಾತ್ರಿ ಎಲ್ಲರೂ ಬೆಣ್ಣೆ ದೋಸೆ ಬಗ್ಗೆಯೇ ಮಾತಾಡಿದೆವು. ಮಾರನೇ ದಿನ ಹುಡುಕಿ ಒಂದು ಭಾರತೀಯ ಹೋಟೆಲ್‌ನಲ್ಲಿ ದಾಲ್ ಅನ್ನ ತಿಂದ ಮೇಲೆ ಮನೆಯವರು ಮತ್ತೆ ಒಬ್ಬರ ಮುಖ ಒಬ್ಬರು ನೋಡಿದರು.

ನಾಲ್ಕನೇ ರಾತ್ರಿ ಹಿಮ ಬಿತ್ತು. ನಿಜವಾದದ್ದು, ಆಕಾಶದ್ದು. ಬೆಳಿಗ್ಗೆ ಮೇಲೆ ಹೋದರೆ ಫಿರಂಗಿಯ ಸಕ್ಕರೆ ಮೇಲೆ ಒಂದು ಗೇಣು ಹತ್ತಿ. ಆ ದಿನ ನಾನು ಮೊದಲ ಬಾರಿ ಬೀಳದೆ ಕೆಳಗಿನ ತನಕ ಬಂದೆ. ಅಪ್ಪ ಆವತ್ತು ಮೆದೇಯುವಿನಲ್ಲಿ ಉಳಿಯದೆ ನಮ್ಮ ಜೊತೆ ಶಿಂಬುಲಾಕ್‌ಗೆ ಬಂದಿದ್ದರು. ಮಂಕಿ ಕ್ಯಾಪ್, ಅದರ ಮೇಲೆ ಟವೆಲ್. ಬಗ್ಗಿ ಒಂದು ಹಿಡಿ ಹಿಮ ತೆಗೆದು, ಮಣ್ಣಿನ ಹದ ನೋಡುವ ಹಾಗೆ ಹಿಂಡಿ ನೋಡಿದರು. ಮುದ್ದೆಯಾಗಲಿಲ್ಲ, ಪುಡಿಯಾಗಿ ಉದುರಿತು. "ಇನ್ನೂ ತೇವ ಸಾಲದು" ಅಂದರು.

ವಾಪಸ್ ಬಂದ ಮೇಲೆ

ನನ್ನ ಸಹೋದ್ಯೋಗಿಯ ಮನೆಯವರು ಹರಿಹರದಿಂದ ಅದೇ ವಾರ ಗುಲ್ಮಾರ್ಗ್‌ಗೆ ಹೋಗಿದ್ದರು. ಕೆಳಗೆ ಹಿಮ ತೇಪೆ ತೇಪೆಯಾಗಿ ಇತ್ತಂತೆ. ಗೊಂಡೋಲಾದಲ್ಲಿ ಮೇಲೆ ಹೋಗಿ, ಮಂಡಿಯುದ್ದ ಹಿಮದಲ್ಲಿ ಫೋಟೊ ತೆಗೆದುಕೊಂಡು, ಕಹ್ವಾ ಕುಡಿದು ಖುಷಿಯಾಗಿ ಬಂದರು. ನಮಗಿಂತ ಅರ್ಧ ದುಡ್ಡಿನಲ್ಲಿ. ಅವರಿಗೆ ಹಿಮ ನೋಡಬೇಕಿತ್ತು, ನೋಡಿದರು. ಅವರ ಆಯ್ಕೆಯಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ.

ನಮ್ಮ ಖರ್ಚು ಹಾಕಿಕೊಂಡ ಮಿತಿಯನ್ನು ಸ್ವಲ್ಪ ದಾಟಿತು. ದಾಟಿಸಿದ್ದು ಬಾಡಿಗೆ ಬಟ್ಟೆ ಮತ್ತು ಕಲಿಸುಗನ ಫೀಸು. ಸ್ಕೀ ಮಾಡಿದ್ದು ಒಟ್ಟು ಐದು ದಿನ, ಅದರಲ್ಲಿ ಒಂದು ಆ ಭಾನುವಾರ. ಮಗಳು ಈಗ ಎರಡು ಸ್ಕೀಯನ್ನೂ ಜೋಡಿಯಾಗಿಟ್ಟು ತಿರುಗುತ್ತಾಳೆ. ಅಕ್ಕನ ಮಗ ಸ್ನೋಬೋರ್ಡ್‌ಗೆ ಹಾರಿದ. ನನ್ನದು ಇನ್ನೂ ಪಿಜ್ಜಾ.

ಅಕ್ಕ ಈ ಸಲ ಮುಂದಿನ ಫೆಬ್ರುವರಿಗೆ ಈಗಲೇ ರಜೆ ಅರ್ಜಿ ಕೊಟ್ಟಿದ್ದಾಳೆ, ಹಿರಿಯರು ಬರೆಸಿಕೊಳ್ಳುವ ಮೊದಲೇ. ರಜೆ ಸಿಕ್ಕರೆ ಗುಲ್ಮಾರ್ಗ್, ಕೆಳಗಿನ ಆ ಬಟ್ಟಲಿನಲ್ಲಿ. ಅಮ್ಮನನ್ನು ಒಪ್ಪಿಸುವ ಕೆಲಸ ಅಪ್ಪನದು. ಏಜೆಂಟ್ ಹತ್ತಿರ ಇರುವ ಹತ್ತು ಸಾವಿರವನ್ನು ನೆನಪಿಸುವ ಕೆಲಸ ಭಾವನದು. ಹೆಬ್ಬೆರಳು ವಾಸಿಯಾದ ಮೇಲೆ ಫೋನ್ ಮಾಡ್ತೀನಿ ಅಂತ ಇನ್ನೂ ಮುಂದೂಡುತ್ತಲೇ ಇದ್ದಾರೆ.